ನಡುಗೋಡೆಯ ಎರಡು ಸಾಕೆಟ್

ಆಚೆ ಮನೆಯಲ್ಲಿ ಮಿಕ್ಸಿ ಗುರ್ರೆಂದಿತು. ಈಚೆ ಅವಳ ತಲೆಯ ಮೇಲಿನ ಫ್ಯಾನು ಕುಂಟತೊಡಗಿತು.

"ನೋಡಿದ್ರಾ? ಈಗಲಾದ್ರೂ ನೋಡಿದ್ರಾ?" ಎಂದಳು ಗಂಡನಿಗೆ. "ನಮ್ಮ ಕರೆಂಟು ಎಳೀತಿದ್ದಾರೆ. ನಾನು ಹೇಳಿದ್ರೆ ನಿಮಗೆ ತಲೆಹರಟೆ."

ಶೂ ಲೇಸು ಕಟ್ಟುತ್ತಿದ್ದ ಗಂಡ ತಲೆ ಎತ್ತಲಿಲ್ಲ. "ಆ ಗೋಡೆ ತಂಟೆಗೆ ಹೋಗ್ಬೇಡ. ಹೆಂಗೋ ನಡೀತಿದೆ, ನಡೀಲಿ ಬಿಡು."

"ಅಣ್ಣನ ಮೇಲೆ ಇಷ್ಟು ಮಮಕಾರ ಇದ್ದೋರು ಗೋಡೆ ಯಾಕೆ ಕಟ್ಟಿಸಿದ್ರಿ?"

ಅವನು ಊಟದ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೊರಟುಹೋದ.

ಅಣ್ಣ ತಮ್ಮಂದಿರು ಪಾಲಾದಾಗ ಮನೆಯನ್ನು ನಟ್ಟನಡುವೆ ಸೀಳಿದ್ದರು. ಕುರ್ಚಿ, ಪಾತ್ರೆ, ಕೊನೆಗೆ ಕಾಲೊರಸಿಗೂ ಜಗಳವಾಗಿತ್ತು. ಆಮೇಲೆ ಗಡಿಬಿಡಿಯಲ್ಲಿ ಎದ್ದದ್ದು ಈ ಒಂಟಿ ಇಟ್ಟಿಗೆಯ ಗೋಡೆ. ಆಚೆಯವರು ಕೆಮ್ಮಿದರೆ ಈಚೆ ಕೇಳುತ್ತದೆ. ಈಚೆಯ ಮಾತು ಆಚೆ ಕೇಳದಿರಲೆಂದು ಅವಳು ಮಗುವನ್ನು ಗದರುವುದೂ ಪಿಸುಮಾತಿನಲ್ಲೇ. ಓರಗಿತ್ತಿಯ ಜೊತೆ ಅಂದಿನಿಂದ ಒಂದು ಮಾತೂ ಇಲ್ಲ, ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಾರೆ.

ಅರ್ಧ ನಡುಮನೆ, ಒಂದು ಅಡುಗೆಮನೆ, ಮಲಗಲೊಂದು ಗೂಡು. ಬೀದಿ ಕಾಣುವ ಕಿಟಕಿ ಒಂದೇ. ಮಗು ಹುಟ್ಟಿದ ಮೇಲೆ ಅವಳ ಕೆಲಸ ಹೋಯಿತು. ಮಗುವನ್ನು ಯಾರ ಕೈಗೆ ಕೊಟ್ಟು ಹೊರಡುವುದು? ಆಚೆ ಕೈಗಳೇನೋ ಇದ್ದವು. ಆದರೆ ಓರಗಿತ್ತಿಯ ಮುಂದೆ ಬಾಯಿ ತೆರೆಯುವುದಕ್ಕಿಂತ ಇಲ್ಲೇ ಉಸಿರುಕಟ್ಟಿ ಬಿದ್ದಿರುವುದು ಲೇಸೆನಿಸಿತ್ತು. ನಿಜಕ್ಕೂ ಉಸಿರು ಕಟ್ಟುತ್ತಿತ್ತು. ಕೆಲವು ದಿನ ಕಿಟಕಿಯ ಸರಳು ಹಿಡಿದು ನಿಂತರೆ ಅಳು ಬರುತ್ತಿತ್ತು.

ಈಗ ಒಂದು ದಾರಿ ತೆರೆದಿತ್ತು. ಮನೆಯಲ್ಲೇ ಕುಳಿತು ಗ್ರಾಹಕರ ಕರೆಗೆ ಉತ್ತರಿಸುವ ಕೆಲಸ. ಇವತ್ತು ಮಧ್ಯಾಹ್ನ ಅದರ ಕೊನೆಯ ಪರೀಕ್ಷೆ, ಅಷ್ಟರಲ್ಲಿ ಮನೆಗೆ ಇಂಟರ್ನೆಟ್ಟಿನ ಫೈಬರ್ ಲೈನ್ ಬಂದಿರಬೇಕು. ತಪ್ಪಿದರೆ ಕೆಲಸ ಬೇರೆಯವರಿಗೆ.

ಲೈನಿನವನು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ: "ಕೇಬಲ್ ಒಳಗೆ ಬರೋ ಜಾಗದ ಪಕ್ಕದಲ್ಲೇ ಎರಡು ಸಾಕೆಟ್ ಖಾಲಿ ಇರ್ಬೇಕು ಮೇಡಂ. ಎಕ್ಸ್‌ಟೆನ್ಷನ್ ನಡೆಯಲ್ಲ. ಕರೆಂಟು ಏರಿಳಿದ್ರೆ ನಮ್ಮ ಡಬ್ಬ ಸುಟ್ಟುಹೋಗುತ್ತೆ, ಹಂಗಿದ್ರೆ ನಾವು ಹಾಕೋದೇ ಇಲ್ಲ."

ಕೇಬಲ್ ಬರಬಹುದಾದದ್ದು ಆ ಒಂದೇ ಕಿಟಕಿಯಿಂದ. ಅದರ ಪಕ್ಕದಲ್ಲೇ ನಡುಗೋಡೆ, ನಡುಗೋಡೆಯಲ್ಲಿ ಎರಡು ಸಾಕೆಟ್. ಒಂದರಲ್ಲಿದ್ದ ಟಿ.ವಿ. ಮೂಲೆ ಸೇರಿತು. ಇನ್ನೊಂದರಲ್ಲಿದ್ದ ಫ್ರಿಜ್ಜನ್ನು ಬೆಳಗ್ಗೆಯೇ ಸೊಂಟ ಮುರಿಯುವಂತೆ ತಳ್ಳಿ ಅಡುಗೆಮನೆಗೆ ಸಾಗಿಸಿದ್ದಳು. ಉಳಿದದ್ದು ಆಚೆಯವರ ಕಳ್ಳತನ ಒಂದೇ.

ಕಳ್ಳತನವಲ್ಲದೆ ಮತ್ತೇನು? ಅವರು ಮಿಕ್ಸಿ ತಿರುಗಿಸಿದರೆ ಇವಳ ಫ್ಯಾನಿಗೆ ಸುಸ್ತು. ವಾರಗಟ್ಟಲೆ ಪ್ರವಾಸ ಹೋದರೂ ಅವರು ಮೇನ್ ಆರಿಸುವುದಿಲ್ಲ, ಅವರ ಮೀಟರಿನ ಕೆಂಪು ದೀಪ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ. ಬಿಟ್ಟಿ ಕರೆಂಟಾದರೆ ಯಾರ ಗಂಟೇನು ಹೋಗಬೇಕು!

ಗೂಡಿನಲ್ಲಿ ಮಗು ನಿದ್ದೆಹೋಗಿತ್ತು. ಗೋಡೆಯ ಪುಡಿ ಹಾರದಂತೆ ಫ್ಯಾನ್ ನಿಲ್ಲಿಸಿದಳು. ಬಾಗಿಲ ಬಳಿ ಹೋಗಿ ಮೇನ್ ಇಳಿಸಿದಳು. ಅಡುಗೆಮನೆಯ ಫ್ರಿಜ್ ನರಳಿ ಸುಮ್ಮನಾಯಿತು. ಮರದ ಸ್ಟೂಲಿನ ಮೇಲೆ ಕುಳಿತು ಸಾಕೆಟ್ಟಿನ ತಿರುಪು ಬಿಚ್ಚಿ ಹಲಗೆ ಕಳಚಿದಳು.

ಅಂದುಕೊಂಡಂತೆಯೇ ಆಗಿತ್ತು. ದಪ್ಪನೆಯ ಜೋಡಿ ತಂತಿ ಗೋಡೆ ಕೊರೆದು ನೆಟ್ಟಗೆ ಆಚೆ ಹೋಗಿತ್ತು.

"ಸಿಕ್ಕಿಬಿದ್ರಿ," ಎಂದಳು. ಈ ಸಲ ಪಿಸುಗುಟ್ಟಲಿಲ್ಲ.

ಇಕ್ಕಳದಲ್ಲಿ ಜೋಡಿಯನ್ನು ಒಟ್ಟಿಗೆ ಹಿಡಿದು ಒತ್ತಿದಳು.

ಢಬ್! ನೀಲಿ ಕಿಡಿ ಹಾರಿತು. ಇಕ್ಕಳದ ರಬ್ಬರು ಹಿಡಿ ಅವಳನ್ನು ಉಳಿಸಿತು. ಮೇನ್ ಇಳಿಸಿದ್ದೇನಲ್ಲ ಎಂದು ಅವಳು ಬೆಚ್ಚುವಷ್ಟರಲ್ಲಿ ಆಚೆಯ ಟಿ.ವಿ. ಮಾತು ಅರ್ಧಕ್ಕೇ ನಿಂತಿತು. ಅಲ್ಲಿನ ಫ್ಯಾನಿನ ಗರಗರವೂ ನಿಂತಿತು. ಭಯ ಹಾರಿಹೋಗಿ ಅವಳಿಗೆ ನಗು ಉಕ್ಕಿತು. ಇಷ್ಟು ದಿನ ನುಂಗಿದ್ದೆಲ್ಲ ಒಂದೇ ಏಟಿಗೆ ಕಕ್ಕಿಸಿದ್ದಳು!

ಓಡಿಹೋಗಿ ಮೇನ್ ಎತ್ತಿದಳು. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್‌ಗುಟ್ಟಿತು. ಮರಳಿ ಬಂದು ಫ್ಯಾನಿನ ಸ್ವಿಚ್ ಒತ್ತಿದಳು. ಅದು ಅಲುಗಲಿಲ್ಲ. ಪಕ್ಕದ ಸಾಕೆಟ್ಟಿಗೆ ಚಾರ್ಜರ್ ಚುಚ್ಚಿದಳು. ಜೀವವಿಲ್ಲ. ನಡುಮನೆಯ ದೀಪವೂ ಹೊತ್ತಲಿಲ್ಲ.

ಫೋನು ಬಡಿದುಕೊಂಡಿತು.

"ಮೇಡಂ, ನಿಮ್ಮ ಬೀದಿ ತುದೀಲಿದ್ದೀವಿ. ಎರಡೂ ಸಾಕೆಟ್ ರೆಡಿ ತಾನೆ?"

"ರೆಡಿ," ಎಂದಿತು ಅವಳ ಬಾಯಿ. ಲೈನಿನವರು ಹಾಗೇ ಹಿಂದಿರುಗಿದರೆ ಮುಗಿಯಿತು. ಮತ್ತೆ ಇದೇ ಅರ್ಧ ಮನೆ, ಇದೇ ಕಿಟಕಿ, ಇದೇ ಸರಳು. ಎಬ್ಬಿಸಿದಂತೆ ಎದ್ದ ಮಗು ಗೂಡಿನಿಂದ ಅಳತೊಡಗಿತು. ಏನು ತಪ್ಪಿತೆಂದು ತಿಳಿಯದೆ ಅವಳು ಗೋಡೆಯ ಮುಂದೆ ಕುಸಿದು ತುಂಡಾದ ತಂತಿಗಳತ್ತ ಬರಿಗೈ ಚಾಚಿದಳು.

ಆಚೆಯಿಂದ ಗೋಡೆ ಬಡಿದ ಸದ್ದು. ಹಿಂದೆಯೇ ಓರಗಿತ್ತಿಯ ಗಾಬರಿಯ ದನಿ.

"ತಂಗೀ, ಕೈಗೇನೂ ಆಗ್ಲಿಲ್ಲ ತಾನೆ? ನಿಮ್ಮ ನಡುಮನೆ ಲೈನು ಪಾಲಾದಾಗಿಂದ ನಮ್ಮ ಮೀಟರಲ್ಲೇ ಇರೋದು ಕಣಮ್ಮ. ನಾನು ಮೇನ್ ತೆಗ್ದಿದ್ದೀನಿ, ಹೆದರ್ದೆ ತಂತಿ ಸೇರಿಸ್ಕೋ. ನೆಟ್ಟಿನೋರು ಬರೋದ್ರೊಳಗೆ ಒಂದು ಕೂಗು ಹಾಕು, ಕರೆಂಟು ಬಿಡ್ತೀನಿ."