ಕೈಯಳತೆಯ ಗರುಡ

ಮೀನಿನ ಪೊಟ್ಟಣವನ್ನು ಕ್ಯಾಮೆರಾ ಚೀಲದಲ್ಲಿ ಅಡಗಿಸಿಕೊಂಡು ಭಾರ್ಗವ್ ಮನೆಗೆ ಬಂದಾಗ ಶ್ರೀಲಕ್ಷ್ಮೀ ತುಳಸಿಗೆ ನೀರು ಹಾಕುತ್ತಿದ್ದಳು. ಗಂಡ ಪಕ್ಕದಲ್ಲಿ ಹಾದುಹೋದದ್ದೇ ತಡ, ಚೊಂಬು ಕೆಳಗಿಟ್ಟು ಮೂಗಿಗೆ ಸೆರಗು ಹಿಡಿದಳು.

"ಏನ್ರಿ ಅದು?"

"ಮೀನು."

"ಆಚಾರ್ರ ಮನ್ಯಾಗ?"

"ಮನ್ಯಾಗಲ್ಲ, ಮಾಳಗಿ ಮ್ಯಾಲೆ."

ಹೊಸಪೇಟೆಯ ಬಸವಣ್ಣ ಕಾಲುವೆಯ ದಂಡೆಗಿದ್ದ ಆ ಮನೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಗರುಡವೊಂದು ಸುತ್ತು ಹಾಕುತ್ತಿತ್ತು. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ಭಾರ್ಗವನಿಗೆ ಅದರ ಚಿತ್ರ ತೆಗೆಯುವ ಹುಚ್ಚು ಹತ್ತಿತ್ತು. ದರೋಜಿ ಕರಡಿಧಾಮಕ್ಕೆ ಬರುವವರು ಫಿರಂಗಿಯಂಥ ಲೆನ್ಸ್ ಹೊತ್ತು ದೂರದಿಂದ ತೆಗೆಯುತ್ತಾರಲ್ಲ, ಅಂಥ ಚಿತ್ರ ಅವನಿಗೆ ಬೇಡ. ರೆಕ್ಕೆ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಚಾಚಿರಬೇಕು, ಅದರಡಿಯಲ್ಲಿ ಊರು, ಕಾಲುವೆ, ಗುಡ್ಡ ಎಲ್ಲ ಕಾಣಬೇಕು. ಅದಕ್ಕೆ ವೈಡ್ ಆ್ಯಂಗಲ್ ಲೆನ್ಸ್ ಬೇಕು. ಆ ಲೆನ್ಸಿಗೆ ಹಕ್ಕಿ ಕೈಯಳತೆಗೆ ಬರಬೇಕು. ಹಕ್ಕಿ ಬರಬೇಕೆಂದರೆ ಮೀನು ಬೇಕು.

"ಮಾವನೋರಿಗೆ ಗೊತ್ತಾದ್ರ?" ಎಂದಳು ಶ್ರೀಲಕ್ಷ್ಮೀ.

"ಕೋಣಿ ಬಿಟ್ಟು ಹೊರಗ ಬಂದ್ರಲ್ಲ, ಗೊತ್ತಾಗೋದು."

ಅದೂ ನಿಜವೇ. ಹಂಪಿ ದಾರಿಯ ಗುಡಿಯೊಂದರಲ್ಲಿ ಜೀವಮಾನವಿಡೀ ಪೂಜೆ ಮಾಡಿದ ಭಾರ್ಗವನ ಅಪ್ಪ ಕಮಲಾಕರಾಚಾರ್ಯರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆರತಿ ಎತ್ತಲಾಗದವನು ದೇವರ ಮುಂದೆ ಏನೆಂದು ಕೂರಲಿ ಎಂದು ಅವರು ಕೋಣೆ ಸೇರಿಬಿಟ್ಟಿದ್ದರು. ದಿನಾ ನಡೆದಾಡಿ ಎಂದು ಡಾಕ್ಟರು ಹೇಳಿದರು. ಆಚಾರ್ಯರು ಗೋಡೆಯ ಕಡೆ ತಿರುಗಿ ಮಲಗಿದರು.

ಭಾರ್ಗವ್ ಮಾಳಿಗೆಯ ಕಟ್ಟೆಗೋಡೆಯ ಮೇಲೆ ಕ್ಯಾಮೆರಾ ಕೂರಿಸಿ, ಅದರ ಮುಂದೆ ಮೀನಿನ ತುಣುಕಿಟ್ಟು, ರಿಮೋಟ್ ಹಿಡಿದು ನೀರಿನ ಟ್ಯಾಂಕಿನ ಹಿಂದೆ ಕೂತ. ಮೊದಮೊದಲು ಕಾಗೆಗಳಷ್ಟೇ ಉಂಡುಹೋದವು. ಆಮೇಲೆ ಗರುಡ ಇಳಿಯಿತು. ದಿನಾ ಇಳಿಯತೊಡಗಿತು. ಅದನ್ನು ನೋಡಿ ಖುಷಿಯಾದ ಶ್ರೀಲಕ್ಷ್ಮೀ, ಹಿಂದುಮುಂದು ಯೋಚಿಸದೆ ಮಾವನ ಕೋಣೆಗೆ ಹೋಗಿ, "ಮಾವನೋರೆ, ನಮ್ಮ ಮಾಳಗಿ ಮ್ಯಾಲೆ ಗರುಡ ಬಂದು ಕೂಡ್ತದ ನೋಡ್ರಿ" ಎಂದುಬಿಟ್ಟಳು.

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೋಲು ಕುಟ್ಟುವ ಸದ್ದಾಯಿತು. ಮೆಟ್ಟಿಲಿಗೊಂದು ಸಲ ನಿಂತು, ಉಸಿರು ಹಾಕಿ, ಆಚಾರ್ಯರು ಮೇಲೆ ಬಂದು ಕಟ್ಟೆಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಗರುಡ ಇಳಿದಾಗ ಎಡಗೈಯೊಂದನ್ನೇ ಎದೆಗೆ ತಂದರು.

"ನಾನು ಗುಡಿಗೆ ಬರ್ಲಿಲ್ಲಂತ ಆತನೇ ತನ್ನ ವಾಹನ ಕಳಿಸ್ಯಾನ" ಎಂದರು. ಟ್ಯಾಂಕಿನ ಹಿಂದಿದ್ದ ಮಗ ಇನ್ನಷ್ಟು ಮುದುರಿ ಕೂತ.

ಅಂದಿನಿಂದ ಆಚಾರ್ಯರದು ತಪ್ಪದ ದರ್ಶನವಾಯಿತು. ಅವರಿಗೆ ಮೀನು ಕಾಣದಂತೆ ಭಾರ್ಗವ್ ಇಟ್ಟಿಗೆ ಅಡ್ಡ ಇಟ್ಟ. ವಾಸನೆಗೆಂದು ಶ್ರೀಲಕ್ಷ್ಮೀ ಊದುಬತ್ತಿ ಹಚ್ಚಿದಳು. ಬೇಕಾದ ಚಿತ್ರ ಆ ವಾರವೇ ಸಿಕ್ಕಿತು. ಇನ್ನು ಈ ಪಾಪ ಸಾಕೆಂದು ಭಾರ್ಗವ್ ಮೀನು ತರುವುದನ್ನು ನಿಲ್ಲಿಸಿದ. ಗರುಡ ಬಂದು ಮೇಲೆಯೇ ಸುತ್ತು ಹಾಕಿ ಹೊರಟುಹೋಯಿತು. ಬಿಸಿಲು ಇಳಿಯುವ ತನಕ ಕಾದ ಆಚಾರ್ಯರು ಕೆಳಗೆ ಬಂದು ತಟ್ಟೆ ಸರಿಸಿದರು.

"ಏನು ತಪ್ಪಾತೋ ನನ್ನಿಂದ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು.

ಬೆಳಗಾದ ಮೇಲೆ ಭಾರ್ಗವ್ ತುಂಗಭದ್ರಾ ಡ್ಯಾಮಿನ ಬಳಿಯ ಮೀನಿನಂಗಡಿಯ ಮುಂದೆ ನಿಂತಿದ್ದ.

"ಸಾರಿಗೋ, ಹುರಿಯಾಕೋ ಸರ?" ಎಂದ ಅಂಗಡಿಯವನು.

ಭಾರ್ಗವ್ ಸ್ವಲ್ಪ ಯೋಚಿಸಿ, "ಹಂಗ ಕೊಡ್ರಿ" ಎಂದ.

ಆ ಮಧ್ಯಾಹ್ನ ಗರುಡ ಬಂತು. ಮೀನಿಗೆ ಉಗುರು ಹಾಕಿ ಮೇಲೇಳುವಷ್ಟರಲ್ಲಿ ಕಾಗೆಯೊಂದು ಅದರ ಬಾಲಕ್ಕೆ ಬಿತ್ತು. ಗರುಡ ವಾಲಿತು, ಹಿಡಿತ ತಪ್ಪಿತು. ಮೀನು ನೇರವಾಗಿ ಆಚಾರ್ಯರ ತೊಡೆಯ ಮೇಲೆ, ಮಡಿ ಪಂಚೆಯ ನಡುಮಧ್ಯದಲ್ಲಿ ಬಿತ್ತು.

ಮೆಟ್ಟಿಲ ಬಾಗಿಲಲ್ಲಿ ಶ್ರೀಲಕ್ಷ್ಮೀ ಬಾಯಿಗೆ ಕೈ ಇಟ್ಟಳು. ಟ್ಯಾಂಕಿನ ಹಿಂದಿನಿಂದ ಭಾರ್ಗವ್ ಎದ್ದುಬಂದ.

"ಅಪ್ಪ, ಅದು ನಾನ... ಫೋಟೋಕ್ಕಂತ..."

ಆಚಾರ್ಯರು ತೊಡೆಯ ಮೇಲಿದ್ದುದನ್ನೇ ನೋಡುತ್ತಿದ್ದರು. "ಹಾವು ತಿನ್ನೋ ಪಕ್ಷಿ. ಮೊಸರನ್ನಕ್ಕ ಬರ್ತದಂತ ನಾನು ತಿಳ್ಕೊಂಡಿದ್ನೇನೋ? ಸುಮ್ನ ನಿಲ್ಲು."

ಎಡಗೈಯಿಂದ ಮೀನಿನ ಬಾಲ ಹಿಡಿದು ಎತ್ತಿದರು. ತೋಳನ್ನು ಮುಂದಕ್ಕೆ ಚಾಚಿದರು. ಚಾಚಿದ ಕೈ ಕೆಳಗಿಳಿಯಲಿಲ್ಲ. ಗರುಡ ಕಾಲುವೆಯ ಮೇಲೊಂದು ಸುತ್ತು ಬಂದು, ರೆಕ್ಕೆ ಮಡಚಿ ಇಳಿದು, ಅವರ ಮುಖದ ಮುಂದೆಯೇ ಅಗಲವಾಗಿ ಬಿಚ್ಚಿಕೊಂಡಿತು. ಭಾರ್ಗವನ ಹೆಬ್ಬೆರಳು ತಾನಾಗಿಯೇ ರಿಮೋಟ್ ಒತ್ತಿತು. ಆಮೇಲೆ ನೋಡಿದರೆ ಚಿತ್ರದಲ್ಲಿ ಈ ತುದಿಯಿಂದ ಆ ತುದಿಗೆ ರೆಕ್ಕೆ, ನಡುವೆ ಮುದುಕನ ಕೈ, ಹಿಂದೆ ಖಾಲಿ ಕುರ್ಚಿ. ಕೋಲು ನೆಲದ ಮೇಲೆ ಬಿದ್ದಿತ್ತು. ಆಚಾರ್ಯರು ನಿಂತಿದ್ದರು.

ಹಕ್ಕಿ ಕಣ್ಮರೆಯಾದ ಮೇಲೆ ಅವರು ಮೆಲ್ಲಗೆ ಕುಳಿತು, ಬೆರಳುಗಳನ್ನು ಬಟ್ಟೆಗೆ ತಾಗದಂತೆ ದೂರ ಹಿಡಿದುಕೊಂಡರು.

"ಶ್ರೀಲಕ್ಷ್ಮೀ, ಸ್ನಾನಕ್ಕ ನೀರು ಕಾಸು."

"ಬೆಳಿಗ್ಗೆ ಸ್ನಾನ ಆಗ್ಯದಲ್ರಿ, ಮಾವನೋರೆ" ಎಂದಳು ಶ್ರೀಲಕ್ಷ್ಮೀ, ಗಾಬರಿಯಲ್ಲಿ ಬೇರೇನೂ ತೋಚದೆ.

"ಇವತ್ತು ಆತು. ನಾಳಿಂದ ಬೆಳಿಗ್ಗೆ ಬ್ಯಾಡ. ಗರುಡ ಬಂದು ಹೋದಮ್ಯಾಲೆ ಮಾಡ್ತೀನಿ."