ವಿಲಾಯತಿಗೆ ಕೊಟ್ಟ ಮರಿ

ಮೇಡಂ ಒಂದು ತುತ್ತು ರೊಟ್ಟಿ ತಿನ್ನದ ಹೊರತು ಮರಿ ಕೊಡುವುದಿಲ್ಲ ಎಂದು ಧರೆಪ್ಪ ಹಟ ಹಿಡಿದು ಕೂತ. ಪ್ರವಾಸಿ ಮಂದಿರದ ಅಂಗಳದಲ್ಲಿ ತಾಲ್ಲೂಕಿನ ಸಾಹೇಬರ ಮುಖ ಬಿಗಿಯಿತು. ಬ್ರಿಟನ್ನಿನ ರಾಯಭಾರ ಕಚೇರಿಯ ಹೆಂಗಸು ಬನಹಟ್ಟಿಯ ಸೀರೆಗಳನ್ನು ನೋಡಿಕೊಂಡು ಮುಧೋಳಕ್ಕೆ ಬಂದಿದ್ದರು. ಎರಡು ದೇಶಗಳ ಸ್ನೇಹಕ್ಕೆಂದು ಅವರಿಗೊಂದು ಬೇಟೆನಾಯಿಯ ಮರಿ ಕೊಡಬೇಕೆಂದು ಸಾಹೇಬರೇ ಧರೆಪ್ಪನನ್ನು ಕರೆಸಿದ್ದರು.

"ಅವರು ಹೊರಗಿಂದು ತಿನ್ನಂಗಿಲ್ಲಪಾ. ನಿಯಮ ಐತಿ," ಎಂದರು ಸಾಹೇಬರು.

"ನಮ್ಮದೂ ಐತ್ರಿ."

ಅವನ ಮನೆತನದಲ್ಲಿ ಮರಿ ಒಯ್ಯುವವರು ಆ ಮನೆಯ ರೊಟ್ಟಿ ಮುರಿದು, ಅರ್ಧ ತಾವು ತಿಂದು ಅರ್ಧ ಮರಿಗೆ ತಿನಿಸಬೇಕು. ಇಲ್ಲದಿದ್ದರೆ ನಾಯಿ ಅವರದಾಗುವುದಿಲ್ಲ. ಬೀರೇಶ್ವರನ ಮುಂದೆ ಹಿರಿಯರು ಹಾಕಿಕೊಂಡ ಕಟ್ಟು ಅದು. ಸಂಸ್ಥಾನದ ಕಾಲದಲ್ಲಿ ಅವನ ಮುತ್ತ್ಯಾ ಸಾಕಿದ ಜೋಡಿ ನಾಯಿಗಳು ಹಡಗು ಹತ್ತಿ ವಿಲಾಯತಿಗೆ ಹೋಗಿದ್ದವು. ಅಲ್ಲಿಯ ದೊರೆಗೆ ರೊಟ್ಟಿ ಮುರಿಯಿರಿ ಎನ್ನುವವರು ಯಾರು? ಮುದುಕ ಸಾಯುವ ತನಕ ಅವುಗಳ ಹಾದಿ ನೋಡಿದ. ಹೊತ್ತು ಮುಳುಗುವಾಗ ಮೊಮ್ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಊರ ಹೊರಗೆ ಹೋಗಿ, ಹೆಸರು ಹಿಡಿದು ಕೂಗುತ್ತಿದ್ದ. ಹಿಂಡಿನ ಕುರಿಗಳೆಲ್ಲ ಕಿವಿ ನಿಮಿರಿಸಿ ನಿಲ್ಲುತ್ತಿದ್ದವು. ಆ ದನಿ ಧರೆಪ್ಪನ ಕಿವಿಯಲ್ಲಿ ಇನ್ನೂ ಇದೆ.

ಸಾಹೇಬರು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಆ ಹೆಂಗಸು ನಗಲಿಲ್ಲ. ಬಂದು ಧರೆಪ್ಪನ ಪಕ್ಕ ಕಟ್ಟೆಯ ಮೇಲೆ ಕೂತು ಕೈಚಾಚಿದರು. ಅವನ ಹೆಂಡತಿ ಸಿದ್ದಕ್ಕ ಅರಿವೆಯ ಗಂಟು ಬಿಚ್ಚಿದಳು.

"ಚಟ್ನಿ ಬ್ಯಾಡ ಬಿಡ್ರಿ. ಅವರ ಕಣ್ಣಾಗ ನೀರು ಬಂದ್ರ ನಮ್ಮನ್ನ ಒಳಗ ಹಾಕ್ಯಾರು," ಎಂದಳು ಗಂಡನಿಗೆ.

ಹೆಂಗಸು ರೊಟ್ಟಿಯ ತುಣುಕು ಮುರಿದು, ಅರ್ಧ ನಿಧಾನಕ್ಕೆ ಅಗಿದು ನುಂಗಿದರು. ಉಳಿದರ್ಧವನ್ನು ಮರಿ ಅವರ ಅಂಗೈಯಿಂದಲೇ ತಿಂದು ಬೆರಳು ನೆಕ್ಕಿತು. ಧರೆಪ್ಪ ಮುಖ ತಿರುಗಿಸಿ ತಲೆಗೆ ಸುತ್ತಿದ ಪಟಕದ ಚುಂಗಿನಿಂದ ಕಣ್ಣೊರೆಸಿಕೊಂಡ. ಫೋಟೊ ತೆಗೆದದ್ದೂ ಆಯಿತು.

ಆಮೇಲೆ ಅವರು ಮರಿಯನ್ನು ಮೆಲ್ಲಗೆ ಅವನ ಮಡಿಲಿಗೇ ತಿರುಗಿ ಇಟ್ಟರು. ಒಯ್ಯುವ ಮಾತೇ ಇರಲಿಲ್ಲವಂತೆ, ಫೋಟೊದ ಸಲುವಾಗಿ ಅಷ್ಟೇ ಅಂತೆ. ಸಾಹೇಬರು ಅದನ್ನು ಹೇಳಲು ಮರೆತಿದ್ದರು.

ಕಾರು ಜಮಖಂಡಿಯ ರಸ್ತೆ ಹಿಡಿಯಿತು. ಮರಿ ಮಡಿಲಿನಿಂದ ಜಿಗಿದು ಗೇಟಿನವರೆಗೆ ಓಡಿತು.

"ನಮ್ಮದು ನಮಗ ಉಳೀತು, ಏಳ್ರಿ," ಎಂದಳು ಸಿದ್ದಕ್ಕ.

ಧರೆಪ್ಪ ಏಳಲಿಲ್ಲ.

"ನಮ್ಮದೆಲ್ಲೈತಿ? ಇನ್ನ ಅದು ಅವರ ನಾಯಿ. ಅವರು ತಿರುಗಿ ಬರೂತನಕ ನಾವು ಕಾಯೂದು, ಅಷ್ಟ."