ಅಣ್ಣನ ಜಮಖಾನ

"ಇಲ್ಲೂ ಒಂದು!" ಪ್ರೆಬೆನ್ ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ನಿಲ್ಲಿಸಿದ. ಉಗುರಿನಷ್ಟೇ ದೊಡ್ಡ ಕಪ್ಪೆಮರಿಗಳು ಕೊಳ ಬಿಟ್ಟು ಬಂದು ಹಿತ್ತಲಿನ ಹುಲ್ಲಿನ ತುಂಬ ಇದ್ದವು. ಒಂದನ್ನು ಕಾಫಿ ಕಪ್ಪಿನಲ್ಲಿ ಹಿಡಿದು ಪೊದೆಯ ಬುಡಕ್ಕೆ ಬಿಟ್ಟು ಬರುವಷ್ಟರಲ್ಲಿ ಇನ್ನೆರಡು ಎದುರಿಗೆ ಕೂತಿರುತ್ತಿದ್ದವು.

"ಇನ್ನೂ ಮುಗೀಲಿಲ್ವಾ?" ಹೆಂಡತಿ ಬೋಡಿಲ್ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ನಾಳೆ ಅಣ್ಣ ಓಡೆನ್ಸೆಯಿಂದ ಊಟಕ್ಕೆ ಬರ್ತಾನೆ. ಅವನ ಹುಲ್ಲು ನೋಡಿದ್ಯಲ್ಲ, ಜಮಖಾನ ಹಾಸಿದ ಹಾಗಿರತ್ತೆ. ಹೋದ್ಸಲ ನಮ್ಮದನ್ನ ನೋಡಿ ನಕ್ಕಿದ್ದ."

"ನಕ್ಕಿದ್ದು ನಂಗೂ ನೆನಪಿದೆ! ಕೊಳ ಬೇಕು ಅಂದೋಳು ನೀನು. ಬಾ, ನಿನ್ನ ಮಕ್ಕಳನ್ನ ನೀನೇ ಎತ್ಕೋ."

ಹಗ್ಗ ಎಳೆದು ಯಂತ್ರ ಶುರು ಮಾಡಲು ಬಗ್ಗಿದ. ಅವನ ಬೂಟಿನ ಮೇಲೊಂದು ಮರಿ ಕೂತಿತ್ತು. ಮೋಟು ಬಾಲ ಇನ್ನೂ ಇತ್ತು. ಗಂಟಲು ಮಿಡಿಸುತ್ತ ಅದು ಅವನನ್ನೇ ನೋಡಿತು. ಪ್ರೆಬೆನ್ ಹಗ್ಗ ಬಿಟ್ಟು, ಕಾಲು ಕದಲಿಸದೆ ನಿಂತ.

"ಬೋಡಿಲ್, ನಿಮ್ಮಣ್ಣಂಗೆ ಫೋನ್ ಮಾಡು," ಎಂದ ಮೆಲ್ಲಗೆ. "ಊಟ ಅವನ ಜಮಖಾನದ ಮೇಲೇ ಆಗ್ಲಿ ಅನ್ನು."